ಗೋಧಿಬಣ್ಣದ ಗೋಡೆ: ಸುಣ್ಣಬಣ್ಣ ಮಾಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಹಬ್ಬ ಹತ್ತಿರ ಬಂದಾಗ ಅಥವಾ ಮನೆಯಲ್ಲಿ ಮದುವೆ ಗೊತ್ತಾದಾಗ ಮೊದಲು ಏಳುವ ಮಾತು ಸುಣ್ಣಬಣ್ಣದ್ದು. ಕಳೆದ ಕೆಲವು ವರ್ಷಗಳಿಂದ ನಮ್ಮ ಗಡಿ ಊರುಗಳ ಮನೆಗಳಲ್ಲಿ ತಿಳಿಹಸಿರು, ಆಕಾಶನೀಲಿ, ಗುಲಾಬಿ ಬಣ್ಣಗಳು ಹಿಂದೆ ಸರಿದು ಆ ಜಾಗಕ್ಕೆ ಬೆಚ್ಚಗಿನ ಕೆನೆ-ಕಂದು ಬಣ್ಣ ಬಂದಿದೆ. ಅಂಗಡಿಯವರು ಅದನ್ನು ಬೇಜ್ ಎನ್ನುತ್ತಾರೆ. ನೋಡಲು ಅಷ್ಟು ಸಾಧುವಾದ ಬಣ್ಣ ಇನ್ನೊಂದಿಲ್ಲ. ಹಾಗೆಂದು ನಂಬಿ ಆರಿಸಿದವರಲ್ಲಿ ನಾನೂ ಒಬ್ಬಳು. ಆ ಬಣ್ಣ ನಮ್ಮ ಮನೆಯಲ್ಲಿ ಎರಡು ಪಾಠ ಕಲಿಸಿತು.

ನನ್ನ ತವರು ಅಕ್ಕಲಕೋಟೆಯ ಕಡೆ, ಗಂಡನ ಮನೆ ಆದೋನಿಯ ಕಡೆ. ಹಾಲ್‌ಗೆ ಬಣ್ಣ ಹಚ್ಚಿಸುವಾಗ ನಾನು ಫೋನಿನಲ್ಲಿ ಪೇಂಟರ್‌ಗೆ "ಗೋಧಿ ಬಣ್ಣ ತರಿಸಪ್ಪ" ಎಂದೆ. ಅವರು ಅದನ್ನು ತೆಲುಗಿನಲ್ಲಿ ಅಂಗಡಿಯವರಿಗೆ ಹೇಳಿದರು. ಮನೆಗೆ ಬಂದದ್ದು 4 ಲೀಟರ್ ಅಚ್ಚ ಕಂದು ಬಣ್ಣ. ತೆಲುಗಿನಲ್ಲಿ ಗೋಧುಮ ರಂಗು ಎಂದರೆ ಸಾಮಾನ್ಯವಾಗಿ ಕಂದು ಎಂದೇ ಅರ್ಥ ಎಂಬುದು ನನಗೆ ಅಂದೇ ಗೊತ್ತಾಗಿದ್ದು. ಯಂತ್ರದಲ್ಲಿ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಡಬ್ಬ ಮೂಲೆ ಸೇರಿತು.

ಎರಡನೆಯ ಪಾಠ ಇದಕ್ಕಿಂತ ದೊಡ್ಡದು. ಸರಿಯಾದ ಬಣ್ಣ ತರಿಸಿ ಹಾಲ್ ಮುಗಿಸಿದೆವು. ಗೋಡೆ ಬೇಜ್, ನೆಲದ ಟೈಲ್ಸ್ ದಂತಬಣ್ಣ, ಬಾಗಿಲಿಗೆ ಕೆನೆಬಣ್ಣದ ಪೇಂಟ್. ಬಂದವರೆಲ್ಲ ಚೆಂದ ಎಂದರು. ಹತ್ತು ದಿನಕ್ಕೆ ನಮ್ಮ ಅತ್ತೆಯವರು ಹಾಲ್‌ನಿಂದ ಅಡುಗೆಮನೆಗೆ ಇಳಿಯುವ ಒಂದೇ ಒಂದು ಮೆಟ್ಟಿಲು ಕಾಣದೆ ಮುಗ್ಗರಿಸಿದರು. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದರಲ್ಲೇ ಮುಗಿಯಿತು. "ಗೋಡೆ ಎಲ್ಲಿಗೆ ಮುಗೀತೈತೋ, ನೆಲ ಎಲ್ಲಿ ಶುರುವಾಗತೈತೋ ನಂಗೊಂದೂ ತಿಳೀವಲ್ದವ್ವ" ಎಂದರು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಆಮೇಲೆ ನಾನು ಪೇಂಟರ್‌ಗಳನ್ನು ಕೇಳಿ, ಓದಿ, ಬೇರೆ ಬೇರೆ ಊರಿನ ನಮ್ಮ ನೆಂಟರ ಮನೆಗಳನ್ನು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬೇಜ್ ಎಂದರೆ ಯಾವ ಬಣ್ಣ?

ಈ ಪದ ಫ್ರೆಂಚ್ ಭಾಷೆಯದು. ಬಣ್ಣ ಹಾಕದ, ಕುರಿಯ ಮೈಮೇಲೆ ಇದ್ದ ಹಾಗೆಯೇ ಇರುವ ಉಣ್ಣೆಗೆ ಆ ಹೆಸರಿತ್ತು. ಅಂದರೆ ಅದು ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಕಂದೂ ಅಲ್ಲ. ಮೂರರ ನಡುವೆ ಎಲ್ಲೋ ನಿಲ್ಲುತ್ತದೆ.

ಅಂಗಡಿಯಲ್ಲಿ ಇದನ್ನು ತಯಾರಿಸುವ ಬಗೆ ಸರಳ. ಬಿಳಿಯ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಅದಕ್ಕೆ ಹಳದಿ ಆಕ್ಸೈಡ್, ಸ್ವಲ್ಪ ಕೆಂಪು ಆಕ್ಸೈಡ್, ಒಂದೆರಡು ಹನಿ ಕಪ್ಪು ಸೇರುತ್ತವೆ. ಹಳದಿ ಮತ್ತು ಕೆಂಪು ಆಕ್ಸೈಡ್‌ಗಳು ಕಬ್ಬಿಣದ ತುಕ್ಕಿನ ಬಂಧುಗಳು. ನಮ್ಮ ಹಿರಿಯರು ಗೋಡೆ ಸಾರಿಸಲು ಬಳಸುತ್ತಿದ್ದ ಹುರಮಂಜು, ಕೆಮ್ಮಣ್ಣು, ಜಾಜುಗಳ ಬಣ್ಣಕ್ಕೂ ಇದೇ ಕಬ್ಬಿಣದ ಆಕ್ಸೈಡ್ ಮೂಲ. ಇವು ಬಿಸಿಲಿಗೆ ಬೇಗ ಮಾಸುವುದಿಲ್ಲ, ಸುಣ್ಣ ಸಿಮೆಂಟುಗಳ ಕ್ಷಾರಕ್ಕೂ ಹೆದರುವುದಿಲ್ಲ. ಬೇಜ್ ಬಣ್ಣ ವರ್ಷಗಟ್ಟಲೆ ಹಾಗೇ ಉಳಿಯುವುದಕ್ಕೆ ಇದೇ ಕಾರಣ.

ಐದು ಭಾಷೆ, ಐದು ಹೆಸರು

ಗಡಿ ಊರಿನಲ್ಲಿ ಬಣ್ಣದ ಹೆಸರು ಹೇಳಿ ತರಿಸುವುದು ಅಪಾಯ. ಮನೆಯವರ ಮಾತು ಕನ್ನಡ, ಪೇಂಟರ್‌ದು ಇನ್ನೊಂದು, ಅಂಗಡಿಯವರದು ಮತ್ತೊಂದು. ಸೊಲ್ಲಾಪುರ, ಜತ್ತದ ಕಡೆ ಮರಾಠಿಯಲ್ಲಿ ಬದಾಮಿ ಎನ್ನುತ್ತಾರೆ. ಹೊಸೂರು, ತಾಳವಾಡಿ ಕಡೆ ತಮಿಳಿನಲ್ಲಿ ಚಂದನದ ಬಣ್ಣ ಎಂದರೆ ಸ್ವಲ್ಪ ಹೆಚ್ಚು ಹಳದಿಯ ಕೆನೆ ಬರುತ್ತದೆ. ತೆಲುಗಿನ ಗೋಧುಮ ರಂಗಿನ ಕಥೆ ಮೇಲೆ ಹೇಳಿದೆ. ಕನ್ನಡದಲ್ಲೇ ನಾವು ಗೋಧಿ ಬಣ್ಣ, ಮರಳು ಬಣ್ಣ, ಕೆನೆ ಬಣ್ಣ, ಬಿಸ್ಕತ್ ಬಣ್ಣ ಎಂದು ಬೇರೆ ಬೇರೆಯಾಗಿ ಕರೆಯುತ್ತೇವೆ. ಇವು ಯಾವುವೂ ತಪ್ಪಲ್ಲ, ಆದರೆ ಯಾವುವೂ ಒಂದೇ ಬಣ್ಣವಲ್ಲ.

ಇದಕ್ಕೆ ಪರಿಹಾರ ಶೇಡ್ ಕಾರ್ಡಿನಲ್ಲಿರುವ ಸಂಕೇತ ಸಂಖ್ಯೆ. ಕಂಪನಿಯ ಹೆಸರು, ಶೇಡ್ ಸಂಖ್ಯೆ, ಯಾವ ಬಗೆಯ ಎಮಲ್ಷನ್ ಎಂಬ ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. ಫೋಟೊ ತೆಗೆದು ಕಳಿಸಿದರೆ ಸಾಲದು, ಫೋನಿನ ಪರದೆಯ ಮೇಲೆ ಬಣ್ಣ ಬದಲಾಗುತ್ತದೆ. ಒಂದು ಕಂಪನಿಯ ಶೇಡನ್ನು ಇನ್ನೊಂದು ಕಂಪನಿಯ ಬೇಸ್‌ನಲ್ಲಿ ಮಾಡಿಕೊಡುತ್ತೇವೆ ಎಂದರೂ ಮೊದಲು ಸ್ಯಾಂಪಲ್ ಹಚ್ಚಿ ನೋಡದೆ ಒಪ್ಪಬೇಡಿ.

ಒಳಛಾಯೆ ನೋಡುವುದು ಹೇಗೆ?

ಪ್ರತಿ ಬೇಜ್‌ನ ಒಳಗೆ ಇನ್ನೊಂದು ಬಣ್ಣ ಅಡಗಿರುತ್ತದೆ. ಕೆಲವು ಹಳದಿಗೆ ವಾಲುತ್ತವೆ, ಕೆಲವು ಗುಲಾಬಿಗೆ, ಕೆಲವು ಹಸಿರಿಗೆ, ಕೆಲವು ಬೂದಿಗೆ. ಕಾರ್ಡಿನ ಚಿಕ್ಕ ಚೌಕದಲ್ಲಿ ಇದು ಕಾಣುವುದಿಲ್ಲ. ನಾಲ್ಕು ಗೋಡೆಗೂ ಹಚ್ಚಿದ ಮೇಲೆ ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಡಿದು ಬಣ್ಣ ಗಾಢವಾಗುತ್ತದೆ, ಆಗ ಒಳಗಿದ್ದದ್ದು ಹೊರಗೆ ಬರುತ್ತದೆ. "ಕಾರ್ಡಿನಲ್ಲಿ ಇಷ್ಟು ಹಳದಿ ಇರಲಿಲ್ಲ" ಎಂದು ಎಲ್ಲರೂ ಹೇಳುವುದು ಇದಕ್ಕೇ.

ನೋಡುವ ಉಪಾಯ ಸುಲಭ. ಕಾರ್ಡಿನ ಪಕ್ಕ ಅಚ್ಚ ಬಿಳಿ ಕಾಗದದ ಹಾಳೆ ಇಡಿ. ಬಿಳಿಯ ಪಕ್ಕದಲ್ಲಿ ಒಳಛಾಯೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಅದೇ ಪಟ್ಟಿಯ ಕೆಳಗಿನ ಅತಿ ಗಾಢ ಚೌಕವನ್ನೂ ನೋಡಿ. ಸಾಮಾನ್ಯವಾಗಿ ಗಾಢ ಚೌಕ ಯಾವ ಬಣ್ಣವೋ ತಿಳಿ ಚೌಕದ ಒಳಗಿರುವುದೂ ಅದೇ.

ಆಮೇಲೆ ಚಿಕ್ಕ ಸ್ಯಾಂಪಲ್ ಡಬ್ಬ ತಂದು 2 ಅಡಿ ಉದ್ದ, 2 ಅಡಿ ಅಗಲದ ರಟ್ಟಿಗೆ ಎರಡು ಕೋಟ್ ಹಚ್ಚಿ ಒಣಗಿಸಿ. ನೇರ ಗೋಡೆಗೆ ಹಚ್ಚಿದರೆ ಹಳೆಯ ಬಣ್ಣದ ನಡುವೆ ಅದು ಬೇರೆಯಾಗಿಯೇ ಕಾಣುತ್ತದೆ. ರಟ್ಟಾದರೆ ಕಿಟಕಿ ಪಕ್ಕ, ಮೂಲೆ, ಬಾಗಿಲ ಬಳಿ ಎಂದು ಜಾಗ ಬದಲಿಸಿ ನೋಡಬಹುದು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪ ಹಚ್ಚಿದ ಮೇಲೆ ಹೀಗೆ ನಾಲ್ಕು ಹೊತ್ತು ನೋಡಿ. ಎರಡು ದಿನ ತಡವಾದರೂ ಅಡ್ಡಿಯಿಲ್ಲ.

ಕಿಟಕಿ ಯಾವ ದಿಕ್ಕಿಗಿದೆ?

ನೇರ ಬಿಸಿಲು ಬೀಳದ ಕೋಣೆಗೆ ಬರುವುದು ಆಕಾಶದ ಬೆಳಕು. ಅದರಲ್ಲಿ ನೀಲಿ ಹೆಚ್ಚು. ಅಂಥ ಕೋಣೆಯಲ್ಲಿ ಬೂದಿಗೆ ವಾಲುವ ಬೇಜ್ ಹಚ್ಚಿದರೆ ಗೋಡೆ ಸತ್ತಂತೆ ಕಾಣುತ್ತದೆ. ಅಲ್ಲಿ ಹಳದಿ ಅಥವಾ ಸ್ವಲ್ಪ ಗುಲಾಬಿ ಒಳಛಾಯೆ ಬೇಕು. ಪಶ್ಚಿಮದ ಕೋಣೆಯಲ್ಲಿ ಇದಕ್ಕೆ ತಿರುಗುಮುರುಗು. ಸಂಜೆಯ ಬಿಸಿಲು ಮೊದಲೇ ಕಿತ್ತಳೆ, ಹಳದಿ ಬೇಜ್ ಇದ್ದರೆ ಗೋಡೆ ಕುದಿಯುವಂತೆ ಕಾಣುತ್ತದೆ. ಅಲ್ಲಿಗೆ ಬೂದಿ ಬೆರೆತದ್ದೇ ಒಳ್ಳೆಯದು. ಪೂರ್ವದ ಕೋಣೆ ಬೆಳಗ್ಗೆ ಬೆಚ್ಚಗೆ, ಮಧ್ಯಾಹ್ನದ ಮೇಲೆ ತಂಪಾಗಿ ಕಾಣುತ್ತದೆ. ನೀವು ಆ ಕೋಣೆಯಲ್ಲಿ ಹೆಚ್ಚು ಇರುವ ಹೊತ್ತು ಯಾವುದೋ ಆ ಹೊತ್ತಿಗೆ ನೋಡಿ ಆರಿಸಿ.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಸಿಗುವ ಗೃಹಾಲಂಕಾರದ ಸಲಹೆಗಳು ಹೆಚ್ಚಾಗಿ ಯುರೋಪ್, ಅಮೆರಿಕಗಳ ಮನೆಗಾಗಿ ಬರೆದವು. ಅಲ್ಲಿ ನಡುಹಗಲ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಉತ್ತರದ ಕೋಣೆ ವರ್ಷವಿಡೀ ಮಂಕು. ನಮ್ಮಲ್ಲಿ ಹಾಗಲ್ಲ. ಕಾಸರಗೋಡಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಸೊಲ್ಲಾಪುರದಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಬಿಸಿಲು ಬೀಳಬಹುದು. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಕ್ಕೆ ಚಾಚುತ್ತದೆ. ನಿಮ್ಮ ಮನೆಯ ಬಿಸಿಲನ್ನು ನಿಮ್ಮ ಕಣ್ಣಿನಿಂದಲೇ ಅಳೆಯಿರಿ.

ಕಿಟಕಿಯ ಆಚೆ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಸರಗೋಡು, ವಯನಾಡಿನ ಮನೆಗಳ ಸುತ್ತ ಅಡಿಕೆ, ತೆಂಗು, ಬಾಳೆ. ಆ ಎಲೆಗಳಿಗೆ ಬಡಿದು ಒಳಗೆ ಬರುವ ಬೆಳಕಿಗೆ ಹಸಿರು ಅಂಟಿರುತ್ತದೆ. ಹಸಿರಿಗೆ ವಾಲುವ ಬೇಜ್ ಅಲ್ಲಿ ರೋಗ ಬಂದಂತೆ ಕಾಣುತ್ತದೆ. ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಹೀಗೇ ಆಗಿ ಮರುವರ್ಷ ಗುಲಾಬಿ ಒಳಛಾಯೆಯದಕ್ಕೆ ಬದಲಿಸಿದರು. ಮಂಜು ಮುಸುಕುವ ನೀಲಗಿರಿಯಲ್ಲಿ ದಿನಗಟ್ಟಲೆ ಬೆಳಕು ಬೂದು. ಅಲ್ಲಿ ಹಳದಿ ಬೆರೆತ ಬೇಜ್ ಕೋಣೆಗೆ ಜೀವ ಕೊಡುತ್ತದೆ.

ಆದರೆ ಬಣ್ಣ ಬೆಚ್ಚಗೆ ಕಾಣುವುದು ಕಣ್ಣಿಗೆ ಮಾತ್ರ. ಒಳಗೋಡೆಯ ಬಣ್ಣದಿಂದ ಉದಕಮಂಡಲದ ಚಳಿಯೂ ಕಡಿಮೆಯಾಗದು, ಆದೋನಿಯ ಸೆಖೆಯೂ ಹೆಚ್ಚಾಗದು. ಸೆಖೆಯೇ ಚಿಂತೆಯಾದರೆ ಹಣವನ್ನು ತಾರಸಿಗೆ ಹಾಕಿ. ತಾರಸಿಯ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ ಹಚ್ಚಿದರೆ ಕೆಳಗಿನ ಕೋಣೆಗೆ ನಿಜವಾದ ತಂಪು ಸಿಗುತ್ತದೆ.

ನೆಲ ಮತ್ತು ಬಾಗಿಲು

ಗೋಡೆಯ ಬಣ್ಣ ಪ್ರತಿ 5 ವರ್ಷಕ್ಕೊಮ್ಮೆ ಬದಲಾಗಬಹುದು, ನೆಲ ಬದಲಾಗುವುದಿಲ್ಲ. ಆದ್ದರಿಂದ ನೆಲ ನೋಡಿ ಗೋಡೆ ಆರಿಸಬೇಕು.

ಕಾವಿಯ ನೆಲ, ಅಂದರೆ ರೆಡ್ ಆಕ್ಸೈಡ್ ನೆಲವಿದ್ದರೆ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಬಡಿಯುತ್ತದೆ. ಗುಲಾಬಿ ಬೇಜ್ ಅಲ್ಲಿ ಹೆಚ್ಚು ಗುಲಾಬಿಯಾಗುತ್ತದೆ. ಅಲ್ಲಿಗೆ ಹಳದಿ ಛಾಯೆಯ ತಿಳಿ ಬೇಜ್ ಹೊಂದುತ್ತದೆ. ಸೊಲ್ಲಾಪುರದ ಕಡೆಯ ಬೂದುಬಣ್ಣದ ಶಹಾಬಾದ್ ಕಲ್ಲಿನ ನೆಲಕ್ಕೆ ಬೂದಿ ಬೆರೆತ ಮರಳುಬಣ್ಣ ಒಪ್ಪುತ್ತದೆ. ಅಚ್ಚ ಹಳದಿ ಇಟ್ಟರೆ ಕಲ್ಲು ಕೊಳೆಯಾದಂತೆ ಕಾಣುತ್ತದೆ. ಪಶ್ಚಿಮ ತೆಲಂಗಾಣದ ತಾಂಡೂರು ಕಲ್ಲಿನಲ್ಲಿ ನೀಲಿಬೂದು, ಹಳದಿ ಎಂಬ ಎರಡು ಬಗೆಯಿದೆ. ಹಳದಿ ಕಲ್ಲಿಗೆ ಅದೇ ಛಾಯೆಯ ಗೋಡೆ ಬೇಡ, ಅದಕ್ಕಿಂತ ಬಹಳ ತಿಳಿಯಾದದ್ದು ಬೇಕು.

ತೇಗ, ಹಲಸಿನ ಮರದ ಬಾಗಿಲು ಪಾಲಿಶ್ ಮಾಡಿದ್ದಿದ್ದರೆ ಅದೇ ನಿಮ್ಮ ಮನೆಯ ಬೆಚ್ಚಗಿನ ಬಣ್ಣ. ಗೋಡೆ ಅದಕ್ಕೆ ಜಾಗ ಬಿಡಲಿ. ಸೀಲಿಂಗಿಗೆ ನೀಲಿ ಬೆರೆತ ಅಚ್ಚ ಬಿಳಿ ಬಳಿದರೆ ಬೇಜ್ ಗೋಡೆ ಕೊಳಕಾಗಿ ಕಾಣುತ್ತದೆ. ಸ್ವಲ್ಪ ಕೆನೆ ಬೆರೆತ ಬಿಳಿ ಸಾಕು.

ರಾತ್ರಿಯ ದೀಪ

ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 2700ರಿಂದ 3000 ಎಂದರೆ ಹಳೆಯ ಬಲ್ಬಿನಂಥ ಹಳದಿ ಬೆಳಕು, 4000 ಎಂದರೆ ನಡುವಿನದು, 6500 ಎಂದರೆ ನೀಲಿಬಿಳಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500ರ ಟ್ಯೂಬ್. ಅದರ ಕೆಳಗೆ ಬೇಜ್ ಗೋಡೆ ಬಣ್ಣಗೆಟ್ಟು ಬೂದಿಯಾಗಿ ಕಾಣುತ್ತದೆ. ಹಗಲಲ್ಲಿ ಮೆಚ್ಚಿದ್ದನ್ನು ರಾತ್ರಿ ಬೈಯುವುದು ಇದರಿಂದಲೇ. ಬಣ್ಣ ಬದಲಿಸುವ ಮುಂಚೆ ಬಲ್ಬು ಬದಲಿಸಿ ನೋಡಿ. ಕೂಡುವ ಕೋಣೆಗೆ 3000, ಓದುವ ಮತ್ತು ಅಡುಗೆಯ ಜಾಗಕ್ಕೆ 4000 ಸಾಕಾಗುತ್ತದೆ. ಡಬ್ಬದ ಮೇಲೆ ಸಿಆರ್‌ಐ ಎಂಬ ಅಂಕಿಯೂ ಇದ್ದರೆ 80ಕ್ಕಿಂತ ಕಡಿಮೆಯದನ್ನು ತರಬೇಡಿ. ಆ ಅಂಕಿ ಹೆಚ್ಚಿದಷ್ಟೂ ಬಣ್ಣಗಳು ಇದ್ದ ಹಾಗೆ ಕಾಣುತ್ತವೆ.

ನಮ್ಮ ನಮ್ಮ ಊರಿನ ಗೋಡೆ

ಬಣ್ಣ ಎಷ್ಟೇ ಒಳ್ಳೆಯದಿರಲಿ, ಗೋಡೆಯಲ್ಲಿ ತೇವವಿದ್ದರೆ ನಿಲ್ಲುವುದಿಲ್ಲ. ತಿಳಿ ಬೇಜ್‌ನ ಮೇಲೆ ತೇವದ ಕಲೆ, ಉಪ್ಪಿನ ಬಿಳುಪು, ಬೂಷ್ಟು ಎಲ್ಲವೂ ಎದ್ದು ಕಾಣುತ್ತವೆ. ಹಚ್ಚುವ ಮುಂಚೆ 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಗೆ ಬೆವರು ಕಟ್ಟಿದರೆ ಗೋಡೆ ಇನ್ನೂ ಒಣಗಿಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಮಾಡಿಸಿ. ಹೊಸ ಸಿಮೆಂಟ್ ಪ್ಲಾಸ್ಟರ್ ಆದರೆ ನೀರುಣಿಸುವುದು ಮುಗಿದ ಮೇಲೂ ಕನಿಷ್ಠ 4 ವಾರ ಕಾಯಬೇಕು. ಅವಸರ ಮಾಡಿದರೆ ಅದರ ಕ್ಷಾರ ಬಣ್ಣವನ್ನು ಕೆಡಿಸುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಮುರಕಲ್ಲಿನ ಗೋಡೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಗೋವೆಯಲ್ಲೂ ಹಾಗೇ. ಅಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ದಿನಗಳಲ್ಲಿ ಕೆಲಸ ಹಿಡಿಯುವುದು ಒಳ್ಳೆಯದು. ಹಳೆಯ ಬೂಷ್ಟು ಇದ್ದರೆ ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಉಜ್ಜಿ, ತೊಳೆದು, ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬ್ಲೀಚ್‌ಗೆ ಆ್ಯಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಯಾವತ್ತೂ ಬೆರೆಸಬೇಡಿ, ವಿಷದ ಅನಿಲ ಏಳುತ್ತದೆ. ಬೂಷ್ಟಿನ ಮೇಲೆಯೇ ಬಣ್ಣ ಹಚ್ಚಿದರೆ ಒಂದೇ ಮಳೆಗಾಲಕ್ಕೆ ಅದು ಮತ್ತೆ ಮೇಲೆ ಬರುತ್ತದೆ. ಹೊಸೂರು, ತಾಳವಾಡಿ ಕಡೆಯವರಿಗೆ ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆ ಇದೆ. ದೀಪಾವಳಿಗೆ ಬಣ್ಣ ಆಗಲೇಬೇಕು ಎನ್ನುವವರು ಮಳೆ ಬಿಡುವು ಕೊಟ್ಟಾಗ ಮಾತ್ರ ಕೋಟ್ ಹಾಕಿಸಿ.

ರಾಯದುರ್ಗ, ಮಡಕಶಿರಾ, ಆದೋನಿ ಕಡೆ ತೊಂದರೆ ಬೇರೆ. ಬಿಸಿಗೆ ಬಣ್ಣ ಬೇಗ ಒಣಗಿ ರೋಲರಿನ ಗುರುತು ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಒಂದು ಗೋಡೆಯನ್ನು ಶುರುಮಾಡಿ ಪೂರ್ತಿ ಮುಗಿಸಿಯೇ ನಿಲ್ಲಿಸಬೇಕು. ದೂಳೂ ಹೆಚ್ಚು. ಬಾಗಿಲ ಪಕ್ಕ, ಸ್ವಿಚ್ಚಿನ ಸುತ್ತ ಒರೆಸಲು ಬರುವ ಎಮಲ್ಷನ್ ಇರಲಿ. ಹೊಳಪು ಜಾಸ್ತಿಯಾದಷ್ಟು ಒರೆಸುವುದು ಸುಲಭ, ಆದರೆ ಗೋಡೆಯ ಉಬ್ಬುತಗ್ಗು ಎಲ್ಲ ಕಾಣುತ್ತದೆ. ಮಾಸಲು ಮ್ಯಾಟ್ ಬಣ್ಣ ಉಬ್ಬುತಗ್ಗನ್ನು ಮುಚ್ಚುತ್ತದೆ, ಕೈಯ ಗುರುತು ಮಾತ್ರ ಹಿಡಿಯುತ್ತದೆ. ಎರಡರ ನಡುವಿನ ಸಾಫ್ಟ್ ಶೀನ್ ಹೆಚ್ಚಿನ ಮನೆಗಳಿಗೆ ಸರಿ.

ಇನ್ನು ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಹಳೆಯ ಮಣ್ಣುಗಾರೆಯ, ಮಾಳಿಗೆಯ ಮನೆಗಳು. ಈ ಗೋಡೆಗಳಿಗೆ ದಯವಿಟ್ಟು ಸಿಮೆಂಟ್ ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿಸಬೇಡಿ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಮೇಲೆ ಮುಚ್ಚಿದರೆ ತೇವ ಒಳಗೇ ಸಿಕ್ಕಿ ಗಾರೆ ಹಪ್ಪಳದಂತೆ ಕಿತ್ತು ಬರುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಚೆನ್ನಾಗಿ ನೆನೆದ ಸುಣ್ಣವನ್ನು ಸೋಸಿ, ಹಳದಿ ಆಕ್ಸೈಡ್ ಹೆಚ್ಚು, ಕೆಂಪು ಆಕ್ಸೈಡ್ ಚಿಟಿಕೆಯಷ್ಟು, ಮೊದಲು ನೀರಿನಲ್ಲಿ ಕದಡಿ ಬೆರೆಸಿದರೆ ಅಂಗಡಿಯ ಬೇಜ್‌ಗಿಂತ ಮೃದುವಾದ ಗೋಧಿಬಣ್ಣ ಬರುತ್ತದೆ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ, ಮೀರಿದರೆ ಬಟ್ಟೆಗೆ ಅಂಟುತ್ತದೆ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಮೂರು ಕೈ ಹಚ್ಚಿ. ಹಸಿಯಲ್ಲಿ ಗಾಢವಾಗಿ ಕಂಡದ್ದು ಒಣಗಿದಾಗ ಬಹಳ ತಿಳಿಯಾಗುತ್ತದೆ, ಮೂಲೆಯಲ್ಲಿ ಹಚ್ಚಿ ಒಣಗಿಸಿ ನೋಡಿಯೇ ಮುಂದುವರಿಯಿರಿ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಬೇಕು.

ಹಳೆಯ ಬಣ್ಣ ಕೆರೆಯುವಾಗ

ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣಗಳಲ್ಲಿ, ಅದರಲ್ಲೂ ಬಾಗಿಲು, ಕಿಟಕಿ, ಗ್ರಿಲ್‌ಗಳ ಹಳದಿ ಮತ್ತು ಕೆಂಪು ಎನಾಮೆಲ್‌ನಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣಗಿದ್ದ ಹಾಗೇ ಉಜ್ಜಿದರೆ ದೂಳು ಮನೆಯೆಲ್ಲ ಹರಡುತ್ತದೆ. ಚಿಕ್ಕಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಕೆಟ್ಟದ್ದು. ಆದ್ದರಿಂದ ನೀರು ಹಚ್ಚಿ ವಾಟರ್ ಪೇಪರಿನಿಂದ ಉಜ್ಜಿಸಿ, ಪೇಂಟರ್‌ಗೂ ಮಾಸ್ಕ್ ಕೊಡಿ, ಮಕ್ಕಳು ಮತ್ತು ಬಸುರಿಯರು ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಡಬ್ಬ ತರುವಾಗ ಸೀಸದ ಪ್ರಮಾಣದ ಬಗ್ಗೆ ಏನು ಬರೆದಿದೆ ನೋಡಿ.

ಎಷ್ಟು ಬೇಕು? ಒಂದು ಲೆಕ್ಕ

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಎಂದುಕೊಳ್ಳಿ. ಸುತ್ತಳತೆ 44 ಅಡಿ, ಗೋಡೆ 440 ಚದರಡಿ. ಬಾಗಿಲಿಗೆ 21, ಕಿಟಕಿಗೆ 16 ಚದರಡಿ ಕಳೆದರೆ 403 ಉಳಿಯುತ್ತದೆ. ಎರಡು ಕೋಟಿಗೆ ಲೀಟರಿಗೆ 60 ಚದರಡಿ ಎಂದು ಡಬ್ಬದ ಮೇಲಿದ್ದರೆ 6.7 ಲೀಟರ್, ಅಂದರೆ 7 ಲೀಟರ್ ಬೇಕು. ನಿಮ್ಮ ಡಬ್ಬದ ಮೇಲಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಒರಟು ಗೋಡೆ ಹೆಚ್ಚು ಕುಡಿಯುತ್ತದೆ.

ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಸಿ ತನ್ನಿ. ಬೇರೆ ದಿನ ಬೆರೆಸಿದ ಡಬ್ಬದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಬೇಜ್ ಗೋಡೆಯಲ್ಲಿ ತೇಪೆಯಂತೆ ಕಾಣುತ್ತದೆ. ಎರಡು ಮೂರು ಡಬ್ಬ ಇದ್ದರೆ ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿ ಬಳಸಿ. ಮಿಕ್ಕದ್ದನ್ನು ಮುಚ್ಚಳ ಬಿಗಿದು, ಮೇಲೆ ಶೇಡ್ ಸಂಖ್ಯೆ, ಕೋಣೆ, ದಿನಾಂಕ ಬರೆದಿಡಿ.

ಹಿರಿಯರ ಕಣ್ಣಿಗೆ

ಕೊನೆಗೆ ನಮ್ಮ ಅತ್ತೆಯವರ ವಿಷಯ. ಪ್ರತಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಹಿಂದಕ್ಕೆ ಕೊಡುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಳತೆಯಿದೆ. ಕಪ್ಪಿಗೆ 0ಯ ಹತ್ತಿರ, ಬಿಳಿಗೆ 100ರ ಹತ್ತಿರ. ಹಲವು ಕಂಪನಿಗಳು ಶೇಡಿನ ಜೊತೆ ಈ ಅಂಕಿಯನ್ನೂ ಕೊಡುತ್ತವೆ. ದೃಷ್ಟಿ ಮಂದವಾದವರಿಗೆ ಅಂಚು ಕಾಣಬೇಕಾದರೆ ಪಕ್ಕಪಕ್ಕದ ಎರಡು ಮೇಲ್ಮೈಗಳ ನಡುವೆ ಕನಿಷ್ಠ 30 ಅಂಶದ ವ್ಯತ್ಯಾಸ ಇರಬೇಕು ಎಂಬುದು ಬ್ರಿಟನ್ನಿನ ಕಟ್ಟಡ ಮಾನದಂಡದಲ್ಲಿರುವ ಸಲಹೆ. ಗೋಡೆ 70, ನೆಲ 65 ಇದ್ದರೆ ವ್ಯತ್ಯಾಸ ಬರೀ 5. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಒಳಗೆ ಹೋಗುವ ಬೆಳಕೂ ಕಡಿಮೆಯಾಗುತ್ತದೆ. ನಮಗೆ ಮೂರು ಬೇರೆ ಬಣ್ಣಗಳಾಗಿ ಕಂಡ ಬೇಜ್, ದಂತ, ಕೆನೆ ಅವರಿಗೆ ಒಂದೇ ಬಯಲು.

ಆಗ ಮೂಲೆಯಲ್ಲಿದ್ದ ಆ ಕಂದು ಡಬ್ಬ ನೆನಪಾಯಿತು. ಹಾಲ್‌ನ ಗೋಡೆಯ ಬುಡಕ್ಕೆ 6 ಅಂಗುಲ ಎತ್ತರದ ಪಟ್ಟಿ ಎಳೆಸಿದೆವು. ಬಾಗಿಲ ಚೌಕಟ್ಟಿನ ಸುತ್ತ ಗೋಡೆಗೂ ಒಂದು ಪಟ್ಟಿ, ಸ್ವಿಚ್ ಬೋರ್ಡಿನ ಸುತ್ತ ಒಂದು ಚೌಕ. ಗೋಡೆಯ ಎಮಲ್ಷನ್ ಕಾಲ ಕೆಳಗೆ ನಿಲ್ಲದ ಕಾರಣ ಮೆಟ್ಟಿಲಿನ ಅಂಚಿಗೆ ಜಾರದಂಥ ಕಪ್ಪು ಟೇಪ್ ಅಂಟಿಸಿದೆವು. ಬಚ್ಚಲಮನೆಯಲ್ಲಿ ಹಿಡಿದುಕೊಳ್ಳುವ ಸರಳಿನ ಹಿಂದಿನ ಗೋಡೆಗೂ ಅದನ್ನೇ ಮಾಡಬೇಕೆಂದಿದ್ದೇವೆ. ಖರ್ಚು ಟೇಪಿನದ್ದು ಮಾತ್ರ. ಅತ್ತೆಯವರು ಈಗ ಕೈಹಿಡಿಯುವವರಿಲ್ಲದೆ ಅಡುಗೆಮನೆಗೆ ಹೋಗಿಬರುತ್ತಾರೆ.

ಆಮೇಲೆ ಅವರಿಗೆ ಪೊರೆ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ತೆಗೆದು ಮನೆಗೆ ಬಂದವರು ಹಾಲ್ ನೋಡಿ, "ಯಾವಾಗ ಮತ್ತೆ ಬಣ್ಣ ಹಚ್ಚಿಸಿದ್ರಿ? ಇಷ್ಟು ಬೆಳ್ಳಗಿರಲಿಲ್ಲಲ್ಲ" ಎಂದು ಕೇಳಿದರು. ಹಳದಿ ಮಸೂರ ತೆಗೆದು ಹೊಸದು ಹಾಕಿದ ಮೇಲೆ ಹಲವರಿಗೆ ಹೀಗಾಗುತ್ತದೆಯಂತೆ. ಮನೆಯಲ್ಲಿ ಯಾರಾದರೂ ಬಿಳಿ ಗೋಡೆಯನ್ನು ಹಳದಿ ಎನ್ನತೊಡಗಿದರೆ ಗೋಡೆಯ ಜೊತೆ ಅವರ ಕಣ್ಣನ್ನೂ ಒಮ್ಮೆ ತೋರಿಸಿ.

ಕೊನೆಯದಾಗಿ

ಬಣ್ಣಕ್ಕೆ ಹೊರಡುವ ಮುನ್ನ ಇಷ್ಟನ್ನು ನೆನಪಿಡಿ: ಮೊದಲು ಗೋಡೆಯ ತೇವ ನೋಡಿ. ನೆಲ ಮತ್ತು ಕಿಟಕಿ ನೋಡಿ ಒಳಛಾಯೆ ಆರಿಸಿ. ರಟ್ಟಿಗೆ ಹಚ್ಚಿ ನಾಲ್ಕು ಹೊತ್ತು ನೋಡಿ. ಹೆಸರಿನಿಂದಲ್ಲ, ಸಂಖ್ಯೆಯಿಂದ ತರಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೋಣೆಯ ನಡುವೆ ಕೂರಿಸಿ, ಬಾಗಿಲು, ಮೆಟ್ಟಿಲು, ಸ್ವಿಚ್ಚು ಎಲ್ಲಿವೆ ಎಂದು ಅಲ್ಲಿಂದಲೇ ತೋರಿಸಲು ಹೇಳಿ. ಅವರಿಗೆ ತೋರಿಸಲಾಗದಿದ್ದರೆ ಆ ಕೋಣೆಯ ಬಣ್ಣದ ಕೆಲಸ ಇನ್ನೂ ಮುಗಿದಿಲ್ಲ.

ನಿಮ್ಮ ಊರಿನಲ್ಲಿ ಈ ಬಣ್ಣಕ್ಕೆ ಏನೆನ್ನುತ್ತಾರೆ? ಅಜ್ಜಿಯ ಕಾಲದಲ್ಲಿ ಗೋಡೆಗೆ ಯಾವ ಮಣ್ಣು, ಯಾವ ಸುಣ್ಣ ಹಚ್ಚುತ್ತಿದ್ದರು? ನಾಲ್ಕು ಸಾಲು ಬರೆದು ಕಳಿಸಿ. ಗಡಿಯ ಆಚೀಚೆಯ ಈ ಮಾತುಗಳನ್ನು ಒಂದೆಡೆ ಸೇರಿಸಿಟ್ಟರೆ ಮುಂದಿನವರಿಗೆ ಕನಿಷ್ಠ ಒಂದು ಡಬ್ಬ ಬಣ್ಣವಾದರೂ ಉಳಿದೀತು.